ಕೆಂಪು ಬಲ್ಬು

ಹೊಸ ಎಕ್ಸ್-ರೇ ಯಂತ್ರ ಬಂದ ದಿನ ಲಿಗೋರಿಯಣ್ಣ
ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದರು,
ಹೆಣ್ಣು ನೋಡಲು ಯಾರೋ ಬರುವವರಿದ್ದಂತೆ.
ಕಂಪೆನಿಯ ಹುಡುಗ ಗೋಡೆ ಕೊರೆದ, ವಯರು ಎಳೆದ,
ಇನ್ನು ಮೂರೇ ಸೆಕೆಂಡು ಮೇಡಂ, ಎಂದ,
ಮುರಿದ ಕಾಲು ಪರದೆಯ ಮೇಲೆ.
ಆ ಮೂರು ಸೆಕೆಂಡಿಗೆ
ಬ್ಯಾಂಕಿನಲ್ಲಿ ಅರುವತ್ತು ಕಂತು ನನ್ನ ಹೆಸರಲ್ಲಿ.

ಜೆಪ್ಪುವಿನ ಈ ಕ್ಲಿನಿಕ್ಕು ಒಂದು ಕಾಲಕ್ಕೆ
ಹೆಂಚಿನ ಕಾರ್ಖಾನೆಯ ಗುಮಾಸ್ತರ ಕೋಣೆ.
ಹಿಂದುಗಡೆ, ಆರಡಿಗೆ ನಾಲ್ಕಡಿ, ಕತ್ತಲೆ ಕೋಣೆ:
ಡೆವಲಪರಿನ ತೊಟ್ಟಿ, ಹೈಪೋ ತೊಟ್ಟಿ, ನೀರು,
ಬಾಗಿಲ ಮೇಲೊಂದು ಕೆಂಪು ಬಲ್ಬು.
ಅದು ಉರಿಯುವಾಗ ದೇವರೇ ಬಂದರೂ ಕದ ತೆಗೆಯುವಂತಿಲ್ಲ.
ಕಾನೂನು ಲಿಗೋರಿಯಣ್ಣನದು.

ಚರಿತ್ ಈಗ ಹಳೆ ರಿಜಿಸ್ಟರು ಕಂಪ್ಯೂಟರಿಗೆ ತುಂಬಿಸುತ್ತಾನೆ.
ಲಿಗೋರಿಯಣ್ಣನ ಓರೆ ಅಕ್ಷರ:
'ಧಕ್ಕೆಯ ಬೆಕ್ಕು. ಒಂದು ಕಿವಿ ಅರ್ಧ.
ಬಂಗುಡೆ ಮುಟ್ಟುದಿಲ್ಲ, ಬೂತಾಯಿ ಮಾತ್ರ.'
ಬೂತಾಯಿಗೆ ಅಲ್ಲಿ ಕಾಲಂ ಇಲ್ಲ.
ಮಾಲೀಕರ ಹೆಸರು ಇಲ್ಲದೆ ಮುಂದಕ್ಕೂ ಹೋಗುದಿಲ್ಲ.
ಎಂತ ಬರೆಯುದು ಡಾಕ್ಟ್ರೆ?
ಧಕ್ಕೆ ಅಂತ ಬರಿ.
ಫೋನ್ ನಂಬರು?
ನನ್ನದೇ ಹಾಕು ಮಾರಾಯ.
ಹಾಗಾಗಿ ನಲವತ್ತೊಂದು ಬೀದಿ ಬೆಕ್ಕು ನಾಯಿಗಳ ಪರವಾಗಿ
ನಡುರಾತ್ರಿ ನನ್ನ ಫೋನು ಮಿಣುಕುತ್ತದೆ:
ಪ್ರಿಯ ಧಕ್ಕೆ ಅವರೇ, ನಿಮ್ಮ ಲಸಿಕೆಯ ದಿನ ಹತ್ತಿರ ಬಂದಿದೆ.

ಡಾಕ್ಟರ್ ಸುಹೈಲಾ ಸೇರಿ ಏಳು ತಿಂಗಳು.
ಮೊನ್ನೆ ಬೋಳಾರದ ಮುದಿ ಲ್ಯಾಬ್ರಡಾರಿಗೆ
ಕೊನೆಯ ಸೂಜಿ ಕೊಟ್ಟಳು. ಕೈ ನಡುಗಲಿಲ್ಲ.
ಆ ಮನೆಯವರು ಬೆಲ್ಟು ಮಡಚಿಕೊಳ್ಳುವ ಮೊದಲೇ
ಸ್ಪೀಕರು ಕೂಗಿತು, ಟೋಕನ್ ಹತ್ತೊಂಬತ್ತು.
ಸಂಜೆ ನನ್ನ ಮೇಜಿನ ಮುಂದೆ ನಿಂತು
ಅದರ ನಂತರ ಹತ್ತು ನಿಮಿಷ ಬೇಕು ಮೇಡಂ, ಎಂದಳು.
ನನಗೊಬ್ಬಳಿಗಲ್ಲ. ಎಲ್ಲರಿಗೂ.
ಡ್ಯೂಟಿ ಪಟ್ಟಿಯಲ್ಲೇ ಬರೆದು ಕೊಡಿ.

ನಮ್ಮ ಕಾಲದಲ್ಲಿ, ಎಂದು ಬಾಯಿ ತೆರೆದೆ.
ತೆರೆದ ಬಾಯಿ ಹಾಗೇ ಉಳಿಯಿತು.

ನಮ್ಮ ಕಾಲದಲ್ಲಿ ಎಂತ ಇತ್ತು?
ಪಾರ್ವೊ ಬಂದ ವರ್ಷ, ಒಂದೇ ವಾರಕ್ಕೆ ಹನ್ನೊಂದು ಮರಿ.
ಫಿಲ್ಮು ತೊಳೆದು ಬರ್ತೇನೆ ಎಂದು
ಕತ್ತಲೆ ಕೋಣೆಗೆ ಹೋಗಿ ಚಿಲಕ ಹಾಕಿದೆ.
ತೊಟ್ಟಿಯಲ್ಲಿ ಫಿಲ್ಮೇ ಇರಲಿಲ್ಲ.
ಹೊರಗೆ ಸ್ಟೂಲು ಎಳೆದು ಕೂತ ಸದ್ದು,
ಆಮೇಲೆ ಲಿಗೋರಿಯಣ್ಣನ ದನಿ, ಸರತಿಯವರಿಗೆ:
ಸ್ವಲ್ಪ ಹೊತ್ತುಂಟು. ಚಿತ್ರ ಇನ್ನೂ ಮೂಡಿಲ್ಲ.

ಒಂದು ಸಲವಲ್ಲ ಅದು. ಎಷ್ಟು ಸಲವೋ.
ಆ ಹೊತ್ತನ್ನು ಯಂತ್ರದ ಜೊತೆ ವಿನಿಮಯಕ್ಕೆ ಕೊಟ್ಟವಳು ನಾನು,
ಬಿಲ್ಲಿನಲ್ಲಿ ಎಲ್ಲೂ ನಮೂದಿಲ್ಲ.

ಭಾನುವಾರ ತೊಟ್ಟಿ ಹೊರಗೆ ಹಾಕಿಸಿದೆವು.
ಗೋಡೆಗೆ ಸುಣ್ಣ, ಒಂದು ಬೆಂಚು, ಫ್ಯಾನು, ನೀರಿನ ಹೂಜಿ.
ಹೈಪೋ ವಾಸನೆ ಹೋಗಲಿಲ್ಲ.
ಡ್ಯೂಟಿ ಪಟ್ಟಿಯಲ್ಲಿ ಹತ್ತು ನಿಮಿಷ ಬರೆದೆ;
ಯಾತಕ್ಕೆ ಎಂಬಲ್ಲಿ ಗೆರೆ ಎಳೆದು ಬಿಟ್ಟೆ.
ಏಣಿ ಹತ್ತಿದ್ದ ಲಿಗೋರಿಯಣ್ಣ, ಮೂವತ್ತೊಂದು ವರ್ಷದ ನೌಕರಿ,
ಮೌಸನ್ನು ಈಗಲೂ ಕೋಳಿಮರಿಯಂತೆ ಹಿಡಿಯುವವರು,
ಬಲ್ಬಿನ ಧೂಳು ಒರೆಸಿ ಮೇಲಿಂದಲೇ ಕೇಳಿದರು:
ಇದು ಇರಲಾ?
ಇರಲಿ.

ನಿನ್ನೆ ಸಂಜೆ ಅದು ಉರಿಯುತ್ತಿತ್ತು.
ಸುಹೈಲಾ ಗಬ್ಬದ ಆಡಿಗೆ ಸ್ಕ್ಯಾನು ಹಿಡಿದಿದ್ದಳು,
ಚರಿತ್‌ಗೆ ಪ್ರಿಂಟರಿನೊಂದಿಗೆ ಜಗಳ.
ಲಿಗೋರಿಯಣ್ಣ ಕಾಣಲಿಲ್ಲ.
ಅವರ ಸ್ಟೂಲು ಗೋಡೆಯ ಬದಿಗಿತ್ತು.
ಬಾಗಿಲ ಹತ್ತಿರ ಎಳೆದು ಕೂತೆ.

ಕಂಕುಳಲ್ಲಿ ಹುಂಜ ಅವುಚಿಕೊಂಡ ಉಳ್ಳಾಲದ ಹೆಂಗಸು
ಎಷ್ಟು ಹೊತ್ತು ಡಾಕ್ಟ್ರೆ, ಎಂದರು. ಬಸ್ಸಿಗೆ ತಡ ಆಗ್ತದೆ.
ಸ್ವಲ್ಪ ಉಂಟು, ಎಂದೆ,
ಚಿತ್ರ ಇನ್ನೂ ಮೂಡಿಲ್ಲ.

ಅವರು ನಂಬಿ ಬೆಂಚಿನಲ್ಲಿ ಕೂತರು.
ಹುಂಜ ಮಾತ್ರ ತಲೆ ಓರೆ ಮಾಡಿ
ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಲೇ ಇತ್ತು.